ಅತ್ತೆಗೆ ಬಾರದ ಳ

ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆ ತೆಗೆದದ್ದಾಯಿತು, ಇನ್ನು ಕೂರಬೇಕು, ಅಷ್ಟೆ. ಕೂರುವುದರಲ್ಲಿ ಏನಿದೆ ಮಹಾ ಎಂದು ತನ್ನಷ್ಟಕ್ಕೆ ಹೇಳಿಕೊಂಡರೂ ಅವಳು ಅತ್ತೆಯ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು. ಹಳೆಯ ಕಂಪ್ಯೂಟರ್ ತನ್ನ ಉಬ್ಬಿದ ಗಾಜಿನಲ್ಲಿ ಅವಳನ್ನು ಕುಳ್ಳಗೆ, ಅಗಲಕ್ಕೆ ತೋರಿಸುತ್ತಿತ್ತು. ಒಂದು ಕಾಲಕ್ಕೆ ಕೆನೆಬಣ್ಣವಿದ್ದಿರಬೇಕು, ಈಗ ಅದಕ್ಕೆ ಹಳೆಯ ಹಲ್ಲಿನ ಬಣ್ಣ. ಅತ್ತೆ ಹೋದಮೇಲೆ ಈ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಕೂಡದು ಎಂದು ಯಾರೂ ಹೇಳಿರಲಿಲ್ಲ, ಕೂರುವ ಪ್ರಮೇಯ ಬಂದಿರಲಿಲ್ಲ. ಅವಳ ಕೆಲಸವೆಲ್ಲ ಅಂಗಡಿಯ ಮುಂಭಾಗದ ಮೇಜಿನಲ್ಲಿ. ಅಲ್ಲಿನ ಅವಳ ಕಂಪ್ಯೂಟರಿನಿಂದ ಹೊರಟ ತಂತಿ ಗೋಡೆ ಹಿಡಿದು ಬಂದು ಈ ಮುದುಕನನ್ನು ಮುಟ್ಟುತ್ತದೆ, ಮುದುಕನಿಂದ ಇನ್ನೊಂದು ತಂತಿ ಹೊರಟು ಮೂಲೆಯ ಕೆತ್ತುವ ಯಂತ್ರವನ್ನು ಮುಟ್ಟುತ್ತದೆ. ಮಹಡಿಯ ಮೇಲಿನ ಕಾಲಿನ ಡಾಕ್ಟರು ಅಳೆದು ಕಳಿಸಿದ ಪಾದದ ಆಕಾರ ಇದೇ ದಾರಿಯಲ್ಲಿ ಬಂದು, ಮರದಲ್ಲಿ ಅಚ್ಚಾಗಿ, ಮಾವನ ಕೈಗೆ ಹೋಗಿ ಬೂಟಾಗುತ್ತದೆ. ಅಂದರೆ, ಆಗುತ್ತಿತ್ತು. ಡಾಕ್ಟರು ಹೊಸ ಅಳತೆ ಯಂತ್ರ ತರಿಸಿದ ಮೇಲೆ ಒಂದು ಪಾದವೂ ಮಹಡಿಯಿಂದ ಇಳಿದು ಬಂದಿಲ್ಲ. ಹೊಸದರ ಮಾತು ಹಳೆಯದಕ್ಕೆ ತಿಳಿಯದು, ಹಳೆಯದರ ಮಾತಿಗೆ ಹೊಸದು ಕಿವಿಗೊಡದು.

"ನೋಡೀಮ್ಮ, ಬೇಜಾರು ಮಾಡ್ಕೋಬೇಡಿ," ಎಂದಿದ್ದರು ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ. "ಇವತ್ತು ಸಂಜೆಯೊಳಗೆ ನಮ್ಮದೂ ನಿಮ್ಮದೂ ಮಾತಾಡಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಫ್ಯಾಕ್ಟರಿಗೇ ಕಳಿಸ್ತೀನಿ. ಪೇಶೆಂಟುಗಳು ಎಷ್ಟು ದಿನ ಅಂತ ಕಾಯ್ತಾರೆ, ನೀವೇ ಹೇಳಿ."

ಅವಳು ಆಗಲಿ ಡಾಕ್ಟ್ರೇ ಎಂದಿದ್ದಳು. ಆಗಲಿ ಎನ್ನುವಾಗ ದನಿ ಎಷ್ಟು ಗಟ್ಟಿಯಾಗಿ ಬಂದಿತ್ತೆಂದರೆ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಗಂಡ ಲೋಟದಿಂದ ಮುಖ ಎತ್ತಿ ನೋಡಿದ. "ನೀನು ಕೈ ಹಾಕ್ತೀಯಾ ಅದಕ್ಕೆ?" ಎಂದ. ಅಷ್ಟೇ ಅವನು ಹೇಳಿದ್ದು, ಮುಂದಿನದನ್ನು ನುಂಗಿಕೊಂಡು ಚರ್ಮ ತರಲು ಹೋದ. ನುಂಗಿದ್ದು ಏನೆಂದು ಅವಳಿಗೆ ಗೊತ್ತಿಲ್ಲವೆ? ಅಳಿಸಮ್ಮ. ಒಂದು ದಿನ ಊಟಕ್ಕೆ ಕೂತಾಗ ಅವನ ಬಾಯಿಂದಲೇ ಹುಟ್ಟಿದ ಹೆಸರು ಅದು. ಎಲ್ಲರೂ ನಕ್ಕಿದ್ದರು, ಮಾವನೂ ನಕ್ಕಿದ್ದರು, ನಗದಿದ್ದರೆ ಸಣ್ಣವಳಾಗುತ್ತೇನೆಂದು ಅವಳೂ ನಕ್ಕಿದ್ದಳು. ಆಮೇಲೆ ಅದು ಮನೆಯಿಂದ ಅಂಗಡಿಗೆ ಬಂತು, ಅಂಗಡಿಯಿಂದ ಮಹಡಿ ಹತ್ತಿತು. ಡಾಕ್ಟರ ಸಹಾಯಕಿ ಒಮ್ಮೆ ಬಾಯಿ ತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದಳು. ಅಳಿಸುವುದೆಂದರೆ ಒರೆಸಿ ಹಾಕುವುದು. ಅಳಿಸುವುದೆಂದರೆ ಕಣ್ಣೀರು ತರಿಸುವುದು. ಎರಡಕ್ಕೂ ಒಂದೇ ಪದ ಇಟ್ಟವರು ಯಾರೋ, ಪುಣ್ಯಾತ್ಮರು. ಅವಳ ಮಟ್ಟಿಗೆ ಎರಡೂ ನಿಜವಾಗಿತ್ತು.

ಕೊನೆಗೂ ಕೂತಳು. ಕುರ್ಚಿ ಕಿರುಗುಟ್ಟಿತು, ಅಷ್ಟೆ. ಮಾಡಬೇಕಾದ ಕೆಲಸ ಕೇಳುವುದಕ್ಕೆ ಸುಲಭ. ಒಂದು ಕಂಪ್ಯೂಟರಿನ ಫೋಲ್ಡರುಗಳನ್ನು ಇನ್ನೊಂದಕ್ಕೆ ತೋರಿಸುವ ಸಾಫ್ಟ್‌ವೇರ್ ಇದರಲ್ಲಿದೆ. ಯಾರು ಬರಬಹುದು, ಬಂದವರು ಏನು ನೋಡಬಹುದು, ಏನು ಮುಟ್ಟಬಹುದು ಎಂದು ಬಾಗಿಲು ಕಾಯುವುದು ಅದೇ. ಆ ಬಾಗಿಲು ಕಾಯುವವನಿಗೆ ವಯಸ್ಸಾಗಿದೆ, ಅವನ ಜಾಗಕ್ಕೆ ಹೊಸಬನನ್ನು ಕೂರಿಸಬೇಕು. ಇಂಥ ಹಳೆಯ ಯಂತ್ರಗಳ ಮೇಲೆ ಪ್ರೀತಿ ಇಟ್ಟ ಯಾರೋ ಒಬ್ಬರು ಎಲ್ಲೋ ಕೂತು ಹೊಸ ಆವೃತ್ತಿ ಬರೆದು ಪುಕ್ಕಟೆ ಕೊಟ್ಟಿದ್ದರು. ಜೊತೆಗೊಂದು ಸೂಚನೆ: ಹಳೆಯದನ್ನು ಕಿತ್ತುಹಾಕಬೇಡಿ, ಹೊಸದನ್ನು ಅದರ ಮೇಲೆಯೇ ಹಾಕಿ, ಆಗ ಹಳೆಯ ಸೆಟ್ಟಿಂಗ್‌ಗಳು ಹಾಗೇ ಉಳಿಯುತ್ತವೆ, ಕಿತ್ತು ಹಾಕಿದಿರೋ, ಎಲ್ಲವನ್ನೂ ಮೊದಲಿನಿಂದ ಮಾಡಿಕೊಳ್ಳಬೇಕು. ಮೊದಲಿನಿಂದ ಎಂದರೆ? ಮೊದಲು ಹೇಗೆ ಮಾಡಿದ್ದೆಂಬುದು ಅತ್ತೆಯ ತಲೆಯಲ್ಲಿತ್ತು. ಕೆತ್ತುವ ಯಂತ್ರ ಒಂದು ಹೆಸರು ಹೇಳಿಕೊಂಡು, ಒಂದು ಗುಟ್ಟಿನ ಪದ ಹೇಳಿಕೊಂಡು ಈ ಬಾಗಿಲಿಗೆ ಬರುತ್ತದೆ. ಆ ಹೆಸರು ಯಾವುದು, ಪದ ಯಾವುದು ಯಾರಿಗೂ ತಿಳಿಯದು. ಸೆಟ್ಟಿಂಗ್ ಹೋದರೆ ಯಂತ್ರ ಮೂಲೆಯಲ್ಲಿ ಬರೀ ಕಬ್ಬಿಣ. ಮಾವನ ಕೈ ಈಗ ನಡುಗುತ್ತದೆ, ಉಳಿ ಹಿಡಿದು ಅಚ್ಚು ಕೆತ್ತುವ ಕಾಲ ಹೋಯಿತು. ಯಂತ್ರ ನಿಂತರೆ ಅಂಗಡಿ ನಿಂತ ಹಾಗೆಯೇ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಸೊಸೆ ಇದಾಳೇನು ಒಳಗೆ?" ಎಂದಿತು ಮುಂಭಾಗದಿಂದ ಒಂದು ದನಿ. ಅಂಚೆಯಕ್ಕ. ಇವತ್ತೇ ಬರಬೇಕಿತ್ತೆ ಈಕೆ? ಬೀದಿ ಬೀದಿ ಸುತ್ತಿ ಕಾಗದ ಹಂಚುವ ಅಂಚೆಯಕ್ಕ, ಹಿಂದೊಮ್ಮೆ ಮೆಟ್ಟಿಲಿಂದ ಜಾರಿ ಮುರಿದ ಎಡ ಪಾದ ಅಡ್ಡಾದಿಡ್ಡಿ ಕೂಡಿಕೊಂಡ ಅಂಚೆಯಕ್ಕ.

"ಇದೀನಿ ಅಕ್ಕಾ, ಕೂತ್ಕೊಳ್ಳಿ. ಸ್ವಲ್ಪ ಕೆಲಸ ಹಿಡಿದಿದೀನಿ, ಬಂದೆ."

"ಅವಸರ ಏನಿಲ್ಲಮ್ಮ. ಇವತ್ತು ರಜ. ಕಾಲು ಚಾಚ್ಕೊಂಡು ಕೂತಿರ್ತೀನಿ."

ಬೂಟು ಬಿಚ್ಚುವ ಸದ್ದು ಕೇಳಿಸಿತು, ಆಮೇಲೆ ನಿಟ್ಟುಸಿರು. ಅಂಚೆಯಕ್ಕ ಯಾವತ್ತೂ ದೂರಿದವಳಲ್ಲ, ಅದೇ ಸಂಕಟ. ಬೈದಿದ್ದರೆ ಬಾಕಿ ಚುಕ್ತಾ ಆಗುತ್ತಿತ್ತು. ಆಕೆಯ ಎಡ ಪಾದದ ಆಕಾರ ಇದೇ ಕಂಪ್ಯೂಟರಿನಲ್ಲಿತ್ತು. ಅತ್ತೆ ಮಾವ ಇಬ್ಬರೂ ಕೂತು, ಬೂಟು ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ಇಲ್ಲಿ ಒಂದೆಳೆ ಉಬ್ಬಿಸಿ ಅಲ್ಲಿ ಒಂದೆಳೆ ತಗ್ಗಿಸಿ ತಿದ್ದಿದ ಆಕಾರ. ಅತ್ತೆ ತೀರಿಕೊಂಡ ವರ್ಷ ಹೊಸ ಜೋಡಿ ಮಾಡಿಕೊಟ್ಟಾಗ, ಎಡದ್ದು ಹಿಮ್ಮಡಿಯಲ್ಲಿ ಕೊಂಚ ಒತ್ತುತ್ತೆ ಎಂದಿದ್ದಳು ಅಂಚೆಯಕ್ಕ. ಕೊಂಚ ಎಂದೇ ಹೇಳಿದ್ದು. ಸರಿ ಹೋಗದ್ದು ತಾನೆ, ಹೊಸದಾಗಿ ಅಳತೆ ತೆಗೆಸಿದರಾಯಿತು ಎಂದು ಅವಳು ಆ ಆಕಾರವನ್ನು ಎಳೆದು ಅಳಿಸುವ ಫೋಲ್ಡರಿಗೆ ಹಾಕಿದ್ದಳು, ಅತ್ತೆ ಕಲಿಸಿದ ಹಾಗೆಯೇ. ಮಾರನೆಯ ದಿನ ಮಾವ, ಆ ಹಳೇದನ್ನ ತೆಗಿಯಮ್ಮ, ಹಿಮ್ಮಡಿ ಒಂದು ತಿದ್ದಿದ್ರೆ ಸಾಕು, ಎಂದರು. ತೆಗೆಯಲು ಹೋದರೆ ಪರದೆಯ ಮೇಲೊಂದು ವಾಕ್ಯ: ಇದರೊಳಗೆ ನೋಡುವ ಹಕ್ಕು ನಿಮಗಿಲ್ಲ. ಎಷ್ಟು ಸಲ ಒತ್ತಿದರೂ ಅದೇ ವಾಕ್ಯ. ಬೇರೆ ಯಾರಾದರೂ ಆಗಿದ್ದರೆ ಏನೆಂದು ವಿಚಾರಿಸುತ್ತಿದ್ದರೇನೋ. ಸೊಸೆಯಾಗಿ ಬಂದವಳಿಗೆ ಆ ವಾಕ್ಯದಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹೋಯಿತು ಮಾವ, ಅಳಿಸಿಹೋಯಿತು, ಎಂದು ಬಂದು ಹೇಳಿದ್ದಳು. ಮಾವ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಆಮೇಲೆ ಮಹಡಿಯಲ್ಲಿ ತೆಗೆಸಿದ ಯಾವ ಅಳತೆಯೂ ಆ ಪಾದಕ್ಕೆ ಕೂಡಿಬರಲಿಲ್ಲ. ಅಂಚೆಯಕ್ಕ ಈಗ ಬಿಡುವು ಸಿಕ್ಕಾಗೆಲ್ಲ ಬಂದು ಬೂಟು ಬಿಚ್ಚಿ ಕೂರುತ್ತಾಳೆ, ಮಾವ ಒಳಗೊಂದು ಚರ್ಮದ ಚೂರು ಅಂಟಿಸಿಕೊಡುತ್ತಾರೆ, ಪರವಾಗಿಲ್ಲ ಎಂದು ಕುಂಟಿಕೊಂಡು ಹೋಗುತ್ತಾಳೆ.

ಅವಳು ಪರದೆಗೆ ತಿರುಗಿದಳು. ಮೊದಲು ಸೆಟ್ಟಿಂಗ್ ಫೈಲಿನ ಒಂದು ಪ್ರತಿ ಮಾಡಿ ಪಕ್ಕಕ್ಕಿಡಿ ಎಂದಿತ್ತು ಸೂಚನೆ. ಹುಡುಕಿದರೆ ಒಂದು ಮೂಲೆಯಲ್ಲಿ ಸಿಕ್ಕಿತು. ಎಷ್ಟು ಚಿಕ್ಕದು! ಒಂದು ಪಾದದ ಆಕಾರ ಹಿಡಿಸುವ ಜಾಗದಲ್ಲಿ ಇಂಥವು ರಾಶಿ ಹಿಡಿಸುತ್ತವೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎಂಬ ಅತ್ತೆಯ ದರ್ಬಾರೆಲ್ಲ ಇಷ್ಟರಲ್ಲೇ ಮುಗಿದಿತ್ತು. ಬದುಕಿದ್ದಾಗ ಅದು ಇಡೀ ಮನೆ ತುಂಬಿಕೊಂಡಿತ್ತು. ಪ್ರತಿ ಮಾಡಿದಳು. ಒಂದು ಸಾಲದೆಂದು ಇನ್ನೊಂದು ಮಾಡಿದಳು. ಅಳಿಸಮ್ಮ ಈಗ ಎಷ್ಟು ಹುಷಾರಿಯಾಗಿದ್ದಾಳೆ ಬಂದು ನೋಡಲಿ.

ಹೊಸ ಸಾಫ್ಟ್‌ವೇರನ್ನು ಬೆಳಿಗ್ಗೆಯೇ ತನ್ನ ಮೇಜಿನಿಂದ ತಂತಿಯಲ್ಲೇ ಇಲ್ಲಿಗೆ ಕಳಿಸಿದ್ದಳು. ಹೊರಟು ನಿಂತ ಹಳಬನ ಕೈಯಲ್ಲೇ ಹೊಸಬನ ಸಾಮಾನು ಹೊರಿಸಿದ ಹಾಗಾಯಿತಲ್ಲ ಎಂದು ಆಗ ಮರುಕವಾಗಿತ್ತು. ಹಳಬ ಮುಖ ಸಿಂಡರಿಸದೆ ಹೊತ್ತು ತಂದು, ಉಳಿಸುವ ಫೋಲ್ಡರಿನಲ್ಲಿ ಇಟ್ಟಿದ್ದ. ಉಳಿಸುವುದು, ಅಳಿಸುವುದು. ಹಂಚಿಕೊಂಡ ಫೋಲ್ಡರುಗಳು ಎರಡೇ. ಇದಕ್ಕೆ ಕನ್ನಡ ಅಕ್ಷರ ಬರದು, ಅತ್ತೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದರು. ಒಂದು ಯು, ಎಲ್, ಐ, ಎಸ್, ಯು. ಇನ್ನೊಂದು ಎ, ಎಲ್, ಐ, ಎಸ್, ಯು. ಸೊಸೆಗೆ ಒಳಗೆ ಬರಲು ಕೊಟ್ಟ ಹೆಸರು ಸೊಸೆ ಎಂದೇ, ಎಸ್ ಓ ಎಸ್ ಇ. ಅದನ್ನು ನೋಡಿ, ಕಾಪಾಡಿ ಅಂತ ಕೂಗಿದ ಹಾಗಿದೆ ಕಣೇ, ಎಂದು ಗಂಡ ನಕ್ಕಿದ್ದ.

ಅತ್ತೆ ಕಲಿಸಿದ್ದು ಒಂದೇ ದಿನ. ಅವಳು ಮದುವೆಯಾಗಿ ಬಂದ ಹೊಸತು. ಮೂಲೆಯಲ್ಲಿ ಯಂತ್ರ ಮರ ಕೊರೆಯುತ್ತ ಅರಚುತ್ತಿತ್ತು, ಗಾಳಿಯಲ್ಲೆಲ್ಲ ಮರದ ಪುಡಿ. ಅತ್ತೆ ಪರದೆಯ ಮೇಲೆ ಬೆರಳಿಟ್ಟು ಕೂಗಿ ಕೂಗಿ ಹೇಳುತ್ತಿದ್ದರು. ಕೂಗಿದರೂ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ ಅರ್ಧದಲ್ಲಿ ಅವಳ ಗಮನವೆಲ್ಲ ಅತ್ತೆಯ ನಾಲಿಗೆಯ ಮೇಲೆ. ಅತ್ತೆಗೆ ಳ ಬರುತ್ತಿರಲಿಲ್ಲ. ಬೆಳಕು ಎನ್ನುವುದು ಬೆಲಕು, ಕೆಳಗೆ ಎನ್ನುವುದು ಕೆಲಗೆ. ಅದಿರಲಿ, ಹೇಳು ಎನ್ನಲು ಹೋದರೆ ಬಾಯಿಂದ ಬರುತ್ತಿದ್ದದ್ದು ನಾಲ್ಕು ಜನರೆದುರು ಆಡುವ ಮಾತೇ ಆಗಿರಲಿಲ್ಲ. ಮೊದಲ ಸಲ ಅದನ್ನು ಕೇಳಿದಾಗ ಅವಳು ಸೆರಗು ಬಾಯಿಗೊತ್ತಿ ಅಡುಗೆಮನೆಗೆ ಓಡಿ ನಕ್ಕಿದ್ದಳು. ಶುದ್ಧವಾಗಿ ಮಾತಾಡುವುದನ್ನು ಶಾಲೆಯಲ್ಲಿ ಬಹುಮಾನ ಕೊಟ್ಟು ಕಲಿಸಿದ್ದರು ಅವಳಿಗೆ. ಅತ್ತೆಯ ಪ್ರತಿ ಲ ಕಾರವನ್ನೂ ಮನಸ್ಸಿನಲ್ಲೇ ಹಿಡಿದು, ತಿದ್ದಿ, ಸರಿಯಾದ ಜಾಗದಲ್ಲಿ ಳ ಕೂರಿಸಿಕೊಂಡೇ ಕೇಳುತ್ತಿದ್ದಳು. ಅದೊಂದು ಆಟವಾಗಿತ್ತು. "ಸರಿ ಹೋದ್ರೆ ಇದು, ಉಲಿಸು," ಎಂದಿದ್ದರು ಅತ್ತೆ ಮೊದಲ ಫೋಲ್ಡರಿನ ಮೇಲೆ ಬೆರಳಿಟ್ಟು. ಉಳಿಸು, ಎಂದು ತಿದ್ದಿಕೊಂಡಳು. "ಸರಿ ಹೋಗ್ಲಿಲ್ಲ ಅಂದ್ರೆ ಇದು." ಬೆರಳು ಎರಡನೆಯದಕ್ಕೆ ಜಾರಿತು, ಯಂತ್ರ ಅರಚಿತು, "...ಲಿಸು." ಅಳಿಸು, ಎಂದು ತಿದ್ದಿಕೊಂಡಳು. ತುಟಿಯ ಕೊನೆಯಲ್ಲಿ ನಗೆ ಬಂದಿತ್ತು ಆಗಲೂ. ಅತ್ತೆ ಕಂಡರು. ಅಂದಿನಿಂದ ಅವಳೆದುರು ಅವರ ಮಾತು ಕಡಿಮೆಯಾಯಿತು. ಇದು ಅವಳಿಗೆ ಹೊಳೆದದ್ದು ಅತ್ತೆ ಆಸ್ಪತ್ರೆಯಲ್ಲಿ ಮಾತೇ ನಿಂತು ಮಲಗಿದ್ದಾಗ.

"ಏನಾಯ್ತು, ನಡೀತಿದೆಯಾ?" ಮಾವ ಬಾಗಿಲಲ್ಲಿ ನಿಂತಿದ್ದರು. ಏಪ್ರನ್ನಿಗೆ ಅಂಟಿನ ಕಲೆ, ಒಂದು ಕೈಯಲ್ಲಿ ಅಂಚೆಯಕ್ಕನ ಎಡ ಬೂಟು.

"ಪಾಸ್‌ವರ್ಡ್ ಕೇಳ್ತಿದೆ ಮಾವ. ಯಜಮಾನರದ್ದು. ಅಂದ್ರೆ ಅತ್ತೇದು."

ಮಾವ ಬೂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದರು. "ಆ ಕಡೆ ತಿರುಗು."

"ಯಾಕೆ ಮಾವ?"

"ತಿರುಗಮ್ಮ ಅಂದ್ರೆ. ಅದು ನಮ್ಮಿಬ್ಬರ ವಿಷಯ."

ಅವಳು ಗೋಡೆಗೆ ಮುಖ ಮಾಡಿದಳು. ಬೆನ್ನ ಹಿಂದೆ ಮಾವನ ಒಂಟಿ ಬೆರಳು ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿತ್ತು. ಒಂದು ಅಕ್ಷರ, ಒಂದು ಉಸಿರು. ಮಧ್ಯೆ ಒಮ್ಮೆ ಸಣ್ಣಗೆ ನಕ್ಕ ಹಾಗಾಯಿತು. ಈ ಮನೆಯಲ್ಲಿ ಅತ್ತೆ ಒಬ್ಬ ಹೆಂಡತಿಯೂ ಆಗಿದ್ದರು ಎಂಬುದು ಎಷ್ಟು ವರ್ಷವಾದರೂ ತನ್ನ ತಲೆಗೆ ಹೋಗಿರಲಿಲ್ಲವಲ್ಲ ಎಂದುಕೊಂಡಳು. ಗೋಡೆಯ ಮೇಲೆ, ಕಳೆದ ವರ್ಷದ ಕ್ಯಾಲೆಂಡರಿನ ಹಿಂದಿನಿಂದ ಗುಂಡಿಯಂಥದೊಂದು ಇಣುಕುತ್ತಿತ್ತು. ಕೆಟ್ಟ ಕರೆಗಂಟೆ ಎಂದು ಅವಳೇ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಳು. ಅದರ ತಂತಿ ಕೆಳಗಿಳಿದು ಕಂಪ್ಯೂಟರಿನ ಹಿಂದಕ್ಕೆ ಹೋಗಿರುವುದನ್ನು ಈಗ ನೋಡಿದಳು. ಕರೆಗಂಟೆಯ ತಂತಿ ಕಂಪ್ಯೂಟರಿಗೆ ಯಾಕೆ ಹೋಗುತ್ತದೆ?

"ಹೂಂ, ಬಿಟ್ಟಿತು," ಎಂದರು ಮಾವ.

ಹಳಬನನ್ನು ನಿಲ್ಲಿಸಿದಳು. ಹೊಸದನ್ನು ಅದರ ಮೇಲೆ ಹಾಕಿದಳು. ಹಳೆಯ ಸೆಟ್ಟಿಂಗ್‌ಗಳು ಸಿಕ್ಕಿವೆ, ಉಳಿಸಿಕೊಳ್ಳಲೋ ತೆಗೆದುಹಾಕಲೋ ಎಂದು ಪರದೆಯ ನಡುವೆ ಒಂದು ಪ್ರಶ್ನೆ ಬಂದು ನಿಂತಿತು. ಎರಡು ಗುಂಡಿ ಅಕ್ಕಪಕ್ಕ, ಒಂದೇ ಗಾತ್ರ, ಒಂದೇ ಬಣ್ಣ. ಕಣ್ಣಿಗೆ ಕಾಣುವುದನ್ನೇ ನಂಬುವ ಹಾಗಿಲ್ಲವೆನಿಸಿ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದಿದಳು, ಮೊದಲ ತರಗತಿಯ ಮಗುವಿನ ಹಾಗೆ. ಒತ್ತಿದಳು. ಕಂಪ್ಯೂಟರ್ ಮತ್ತೆ ಚಾಲೂ ಆಗಬೇಕಿತ್ತು. ಪರದೆ ಕಪ್ಪಾಯಿತು, ಆಮೇಲೆ ಬೂದಿಬಣ್ಣವಾಯಿತು, ಬೂದಿಬಣ್ಣವಾಗಿಯೇ ಉಳಿಯಿತು. ಒಳಗೆಲ್ಲೋ ಏನೋ ಗೊರಗೊರ ಎನ್ನುತ್ತಿತ್ತು. ಮಾವ ಅವಳ ಕುರ್ಚಿಯ ಹಿಂದೆ ನಿಂತು ಬೂಟಿನ ಹಿಮ್ಮಡಿಯನ್ನು ಹೆಬ್ಬೆರಳಿನಲ್ಲಿ ಸವರುತ್ತಿದ್ದರು. ಹೋಯಿತು, ಎಂದುಕೊಂಡಳು. ಇದೂ ಹೋಯಿತು. ಸಂಜೆ ಗಂಡ ಬರುತ್ತಾನೆ, ಏನೂ ಅನ್ನುವುದಿಲ್ಲ, ಆ ಏನೂ ಅನ್ನದಿರುವುದನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಎಲ್ಲರೂ ಊಟ ಮಾಡುತ್ತಾರೆ. ನಾಳೆ ಡಾಕ್ಟರ ಸಹಾಯಕಿ ಪಾದಗಳನ್ನು ಫ್ಯಾಕ್ಟರಿಗೆ ಕಳಿಸುತ್ತಾಳೆ. ಮಾವ ಬೆಂಚಿನ ಮುಂದೆ ಕೂತು ಹಳೆಯ ಬೂಟಿಗೆ ಪಾಲಿಷ್ ಹಾಕುತ್ತಾರೆ. ತಾನು ಮುಟ್ಟಿದ್ದು ಯಾವುದೂ ಉಳಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿತ್ತೆ?

"ಅವಳಿದ್ದಾಗಲೂ ಹೀಗೇ ಮಾಡೋದು ಅದು," ಎಂದರು ಮಾವ. "ಬೈಬಾರ್ದು. ಬೈದ್ರೆ ಇನ್ನೂ ತಡ ಮಾಡತ್ತೆ ಅನ್ನೋಳು."

ಅವಳಿಗೆ ನಗು ಬಂತು, ನಗುವಾಗಲೇ ಪರದೆ ಬೆಳಗಿತು. ಮೂಲೆಯ ಕೆತ್ತುವ ಯಂತ್ರದ ಮೇಲೆ ಹಸಿರು ದೀಪ ಮಿಣುಕಿ, ಆರಿ, ಮತ್ತೆ ಹೊತ್ತಿ, ಹೊತ್ತಿಕೊಂಡೇ ನಿಂತಿತು. ಅದು ತನ್ನ ಹೆಸರು ಹೇಳಿತ್ತು, ಗುಟ್ಟು ಹೇಳಿತ್ತು, ಹೊಸಬ ಬಾಗಿಲು ತೆರೆದಿದ್ದ. ಅವಳು ಓಡಿಹೋಗಿ ಮುಂಭಾಗದಿಂದ ಫೋನು ಮಾಡಿದಳು. "ಡಾಕ್ಟ್ರೇ, ಒಂದು ಕಳಿಸಿ ನೋಡಿ." ವಾಪಸು ಬಂದು ಕೂರುವಷ್ಟರಲ್ಲಿ ಉಳಿಸುವ ಫೋಲ್ಡರಿನಲ್ಲಿ ಯಾರದೋ ಮಗುವಿನ ಪುಟ್ಟ ಪಾದವೊಂದು ಬಂದು ಕೂತಿತ್ತು.

"ಬಂತು," ಎಂದಳು.

"ಬಂತಾ?" ಎಂದರು ಮಾವ. ಬಗ್ಗಿ ನೋಡಿ, "ಬಂತಲ್ಲ!" ಎಂದರು.

ಅಲ್ಲಿಗೆ ಎದ್ದುಬಿಡಬಹುದಿತ್ತು. ಆದರೆ ಸೂಚನೆಯ ಕೊನೆಗೆ, ಸೆಟ್ಟಿಂಗ್‌ಗಳು ಎಲ್ಲ ಬಂದಿವೆಯೇ ಒಮ್ಮೆ ನೋಡಿ ಎಂದಿತ್ತು, ಅಳಿಸಮ್ಮ ಈಗ ಸೂಚನೆ ಮೀರುವವಳಲ್ಲ. ಕಿಟಕಿ ತೆರೆದಳು. ಹಳೆಯ ಆವೃತ್ತಿ ಚುಕ್ಕೆ ಹಾಕಿ ತೋರಿಸುತ್ತಿದ್ದುದನ್ನು ಹೊಸದು ವಾಕ್ಯದಲ್ಲಿ ಬಿಡಿಸಿ ಬರೆದಿತ್ತು. ಉಳಿಸುವ ಫೋಲ್ಡರ್: ಯಂತ್ರ ನೋಡಬಹುದು, ಸೊಸೆ ನೋಡಬಹುದು, ಹಾಕಬಹುದು, ತೆಗೆಯಬಹುದು. ಎರಡನೆಯದು: ಯಜಮಾನರು ಎಲ್ಲ ಮಾಡಬಹುದು, ಸೊಸೆ ಹಾಕಬಹುದು, ಒಳಗೆ ನೋಡುವಂತಿಲ್ಲ. ಅಷ್ಟೇ ಇದ್ದದ್ದು. ಹಾಕಿದ್ದನ್ನು ಅಳಿಸು ಎಂದು ಎಲ್ಲೂ ಇರಲಿಲ್ಲ. ಅವಳು ಮತ್ತೊಮ್ಮೆ ಓದಿದಳು. ಅಂಚೆ ಡಬ್ಬಿಯ ಹಾಗೆ, ಹೊರಗಿನಿಂದ ಹಾಕಬಹುದು, ಕೈ ಹಾಕಿ ತೆಗೆಯಲಾಗದು. ಹಾಗೆಂದು ಡಬ್ಬಿಯೊಳಗೆ ಬಿದ್ದ ಕಾಗದ ಸುಟ್ಟುಹೋಗುತ್ತದೆಯೆ? ಅವಳು ಇಷ್ಟು ವರ್ಷ ಹೊರಗೆ ನಿಂತಿದ್ದಳು. ಈಗ ಕೂತಿರುವುದು ಅತ್ತೆಯ ಕುರ್ಚಿಯಲ್ಲಿ, ಡಬ್ಬಿಯ ಒಳಮಗ್ಗುಲಿನಲ್ಲಿ.

ತೆರೆದಳು. ಅವಳು ಹಾಕಿದ್ದೆಲ್ಲ ಅಲ್ಲಿತ್ತು. ಒತ್ತುತ್ತೆ ಎಂದವರದು, ಜಾರುತ್ತೆ ಎಂದವರದು, ಬೆರಳು ತಾಕುತ್ತೆ ಎಂದವರದು, ಸರಿ ಹೋಗಲಿಲ್ಲವೆಂದು ಅವಳು ಕೈತೊಳೆದುಕೊಂಡ ಅಷ್ಟೂ ಪಾದಗಳು. ಅವುಗಳ ನಡುವೆ ಅಂಚೆಯಕ್ಕನ ಎಡಗಾಲು. ಅದೇ ಹೆಸರಿನ ಪಕ್ಕದಲ್ಲಿ ಇನ್ನೊಂದು ಫೈಲಿತ್ತು, ಬಹಳ ಹಳೆಯದು, ಚಿತ್ರ ಬೇರೆ, ಒಂದು ಪುಟ್ಟ ಕಹಳೆಯದು. ಏನೆಂದು ಯೋಚಿಸದೆ ಅದನ್ನು ಒತ್ತಿದಳು.

ಮೊದಲು ಗರಗರ. ಆಮೇಲೆ ಹೆಜ್ಜೆಗಳು. ಮರದ ಹಲಗೆಯ ಮೇಲೆ ಯಾರೋ ನಡೆದು ಬರುತ್ತಿದ್ದರು, ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ಮೆತ್ತಗೆ. ಮೂಲೆಯವರೆಗೆ ಹೋಗಿ ತಿರುಗಿ ಬಂದರು. ಈ ಕೋಣೆಗೂ ಮುಂಭಾಗಕ್ಕೂ ನಡುವಿನ ಓಣಿಯಲ್ಲಿ ಹಾಸಿದ ಹಲಗೆ ಅದು, ಅವಳು ದಿನಾ ತುಳಿಯುವ ಹಲಗೆ, ಅದರ ಕಿರುಗು ಅವಳಿಗೆ ಗೊತ್ತು. ಆಮೇಲೆ, ತೀರ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ ಎಂಬಂತೆ, ಅತ್ತೆ ಮಾತಾಡಿದರು.

"ಎಡದ್ದು ತಡವಾಗಿ ಬರ್ತಿದೆ. ಹಿಮ್ಮಡಿ ಏನೋ ಹೇಲ್ತಿದೆ, ನಂಗೆ ಸರಿಯಾಗಿ ಕೇಲಿಸ್ತಿಲ್ಲ. ವಯಸ್ಸಾಯ್ತು. ಇದನ್ನ ಸೊಸೆಗೆ ಕೇಲಿಸ್ಬೇಕು. ಅವಲ ಕಿವಿ ಚುರುಕು. ನಾನು ಒಂದಕ್ಷರ ತಪ್ಪಿದ್ರೂ ಹಿಡೀತಾಲೆ." ಒಂದು ಕೆಮ್ಮು. "ಅಕ್ಕಾ, ಇನ್ನೊಂದ್ಸಲ ನಡೀರಿ."

ಮತ್ತೆ ಹೆಜ್ಜೆಗಳು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತೆಯ ಲ ಕಾರಗಳು ಒಂದೊಂದಾಗಿ ಬಂದು ಕಿವಿಗೆ ಬಿದ್ದಿದ್ದವು. ಜೀವಮಾನದಲ್ಲಿ ಮೊದಲ ಸಲ ಅವಳು ಯಾವುದನ್ನೂ ತಿದ್ದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಪರದೆ ಕಲಸಿಹೋಯಿತು. ಮಾವನ ಕಡೆ ತಿರುಗಲು ನಾಚಿಕೆಯಾಯಿತು.

"ಇದು ಇಲ್ಲೇ ಇತ್ತಾ?" ಎಂದರು ಅವರು. "ಅವಳು ಆಲಿಸೋಕೆ ಅಂತ ಇಟ್ಕೊಂಡಿದ್ದು?"

"ಏನಂದ್ರಿ ಮಾವ?"

"ಆಲಿಸೋಕೆ. ಸರಿ ಹೋಗದ ಕಾಲೆಲ್ಲ ಒಂದು ಕಡೆ ಹಾಕಿಟ್ಟಿರೋಳು. ಅವರನ್ನ ಕರೆಸಿ ಆ ಹಲಗೆ ಮೇಲೆ ನಡೆಸಿ, ಕಣ್ಣು ಮುಚ್ಕೊಂಡು ಕೂತು ಕೇಳೋಳು. ಅಳತೆಗೆ ಸಿಗದ್ದು ಸದ್ದಿಗೆ ಸಿಗತ್ತೆ ಅನ್ನೋಳು. ಆಲಿಸ್ಬೇಕು, ಆಲಿಸ್ಬೇಕು ಅಂತ ಒಂದೇ ಜಪ. ನಿಂಗೆ ಹೇಳ್ಕೊಟ್ಟಿದೀನಿ ಅಂದಿದ್ಳಲ್ಲ?"

ಎ, ಎಲ್, ಐ, ಎಸ್, ಯು. ಪರದೆಯ ಮೇಲೆ ಅದೇ ಅಕ್ಷರಗಳು, ಒಂದೂ ಕದಲದೆ ಇದ್ದವು. ಸರಿ ಹೋಗಲಿಲ್ಲ ಅಂದರೆ ಆಲಿಸು. ಅದರಲ್ಲಿ ಳ ಎಲ್ಲಿಯೂ ಇರಲಿಲ್ಲ. ಅತ್ತೆ ಆ ಒಂದು ಪದವನ್ನು ಶುದ್ಧವಾಗಿಯೇ ಹೇಳಿದ್ದರು, ತಿದ್ದಲು ಹೋಗಿ ಕೆಡಿಸಿಕೊಂಡವಳು ತಾನು. ಇಷ್ಟು ವರ್ಷ, ಒಂದೊಂದು ಪಾದಕ್ಕೂ, ಯಾರಾದರೂ ಬಂದು ಒತ್ತುತ್ತೆ ಎಂದಾಗಲೆಲ್ಲ, ಅಳಿಸು, ಅಳಿಸು.

"ಮತ್ತೆ ನಂಗೆ ಯಾಕೆ ಒಳಗೆ ನೋಡೋ ಹಾಗಿಲ್ಲ ಅಂತ ಇಟ್ರು?" ಕೇಳಿದ್ದು ದೂರಿನ ಹಾಗೆ ಬಂತು, ಅವಳು ಹಾಗೆ ಕೇಳಬೇಕೆಂದುಕೊಂಡಿರಲಿಲ್ಲ.

ಮಾವ ಬೂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಅವಳ ದನಿ ಇತ್ತಲ್ಲಮ್ಮ ಅದ್ರಲ್ಲಿ. ನೀನು ನಗ್ತೀಯ ಅಂತ." ಬೂಟಿನ ಲಾಡಿ ಸರಿಮಾಡುತ್ತ, "ಕೇಳಿಸ್ಬೇಕು ಅಂತ್ಲೂ ಇತ್ತು, ನಾಚ್ಕೆನೂ ಇತ್ತು. ಇವತ್ತು ಕೇಳಿಸ್ತೀನಿ, ನಾಳೆ ಕೇಳಿಸ್ತೀನಿ ಅಂತ ಮುಂದೆ ಹಾಕ್ತಾ ಹೋದ್ಳು. ಹುಚ್ಚಿ," ಎಂದರು.

ಅವಳು ಅತ್ತಳು. ಅಳುವುದಕ್ಕೆ ಈಗ ಯಾವ ಸಂಕೋಚವೂ ಉಳಿದಿರಲಿಲ್ಲ. ಮಾವ ಅವಳ ತಲೆಯ ಮೇಲೆ ಕೈಯಿಡಲು ಬಂದು, ಕೈಗೆ ಅಂಟಾಗಿದೆಯೆಂದು ನೆನಪಾಗಿ, ಮೊಣಕೈಯಿಂದ ಭುಜವನ್ನು ಮೆಲ್ಲಗೆ ತಿವಿದರು. "ಏಳು. ಅಚ್ಚು ಕೆತ್ತೋಣ. ಅಂಚೆಯಕ್ಕ ಅಲ್ಲಿ ಬರಿಗಾಲಲ್ಲಿ ಕೂತಿದಾಳೆ."

ಏಳುವ ಮೊದಲು ಅವಳು ಸೆಟ್ಟಿಂಗ್ ಕಿಟಕಿಗೆ ಹಿಂತಿರುಗಿದಳು. ಈಗ ಯಜಮಾನರ ಹಕ್ಕು ಅವಳ ಕೈಯಲ್ಲೇ ಇತ್ತು. ಸೊಸೆ ಒಳಗೆ ನೋಡಬಹುದು ಎಂದು ಬದಲಾಯಿಸಲು ಒಂದು ಗುಂಡಿ ಒತ್ತಿದರೆ ಸಾಕು. ಆಮೇಲೆ ಮುಂಭಾಗದ ಮೇಜಿನಿಂದಲೇ ಎಲ್ಲ ಕಾಣುತ್ತದೆ. ಬೆರಳು ಹೋಯಿತು, ನಿಂತಿತು. ಇರಲಿ, ಎಂದುಕೊಂಡಳು. ಮುಂದೆ ಕೂತು ನೋಡುವುದಕ್ಕಲ್ಲ ಇದು. ಕೇಳಬೇಕೆನ್ನಿಸಿದಾಗ ಎದ್ದು, ಆ ಹಲಗೆ ದಾಟಿ, ಬಂದು ಈ ಕುರ್ಚಿಯಲ್ಲೇ ಕೂರಬೇಕು. ಅತ್ತೆಯ ಸೆಟ್ಟಿಂಗ್ ಹೇಗಿತ್ತೋ ಹಾಗೇ ಬಿಟ್ಟು ಕಿಟಕಿ ಮುಚ್ಚಿದಳು.

ಗೋಡೆಯಿಂದ ಕ್ಯಾಲೆಂಡರ್ ಇಳಿಸಿದಳು. ಗುಂಡಿಯಂತೆ ಕಂಡದ್ದು ಮೈಕು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಮುಂಭಾಗಕ್ಕೆ ಹೋದಾಗ ಅಂಚೆಯಕ್ಕ ಕಾಲು ಚಾಚಿಕೊಂಡು, ಪಾದದ ಉಬ್ಬನ್ನು ತಾನೇ ಒತ್ತಿಕೊಳ್ಳುತ್ತಿದ್ದಳು. ಅವಳ ಕೆಂಪು ಕಣ್ಣು ನೋಡಿ, "ಯಾಕಮ್ಮಾ, ಯಾರೇನಂದ್ರು?" ಎಂದಳು. 

"ಯಾರೂ ಏನೂ ಅನ್ಲಿಲ್ಲ ಅಕ್ಕಾ. ನಿಮ್ಮ ಹಳೇ ಅಳತೆ ಸಿಕ್ತು."

"ಅಳಿಸಿ ಹೋಗಿತ್ತಲ್ಲ?"

"ಹೋಗಿರ್ಲಿಲ್ಲ. ನಂಗೇ ಓದೋಕೆ ಬಂದಿರ್ಲಿಲ್ಲ."

ಅಂಚೆಯಕ್ಕನಿಗೆ ಅದು ಅರ್ಥವಾಗಲಿಲ್ಲ. ಆದರೆ ಆಕೆಯ ಮುಖ ಅರಳಿತು, ಎರಡೂ ಕೈಯಿಂದ ಪಾದವನ್ನು ಹಿಡಿದುಕೊಂಡಳು, ಕಳೆದುಹೋದದ್ದು ಅದೇ ಎಂಬಂತೆ. "ಆ ಬೂಟು ಹಾಕ್ಕೊಂಡಿದ್ದಾಗ ನಂಗೆ ಕಾಲಿದೆ ಅನ್ನೋದೇ ಮರೆತುಹೋಗ್ತಿತ್ತು," ಎಂದಳು. ಒಳಗೆ ಯಂತ್ರಕ್ಕೆ ಮರದ ತುಂಡು ಸಿಕ್ಕಿಸುತ್ತಿದ್ದ ಮಾವ, ಅದು ಆವತ್ತಿನ ಕಾಲು, ಈಗ ಎಷ್ಟು ಬದಲಾಗಿದ್ಯೋ ನೋಡ್ಬೇಕು, ಎಂದು ಕೂಗಿದರು. ಎಲ್ಲಿ ತಿದ್ದಬೇಕೆಂದು ತಿಳಿಯದೆ ಕೆತ್ತಿ ಪ್ರಯೋಜನವಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಮಾವ, ಯಂತ್ರ ಶುರು ಮಾಡ್ಬೇಡಿ ಈಗ್ಲೇ," ಎಂದಳು. ಅಂಚೆಯಕ್ಕನನ್ನು ಕೈಹಿಡಿದು ಎಬ್ಬಿಸಿ, ಬೂಟು ಹಾಕಿಸಿ, ಓಣಿಯ ಹಲಗೆಯ ತುದಿಗೆ ಕರೆದುಕೊಂಡು ಬಂದು ನಿಲ್ಲಿಸಿದಳು. ಅಂಚೆಯಕ್ಕ ಹಲಗೆಯನ್ನೂ ಗೋಡೆಯ ಗುಂಡಿಯನ್ನೂ ನೋಡಿ, "ಅಯ್ಯೋ, ನಿಮ್ಮತ್ತೆ ಹೀಗೇ ಮಾಡಿಸೋರು," ಎಂದಳು. ಹೂಂ ಎಂದು ಅವಳು ಹೋಗಿ ಅತ್ತೆಯ ಕುರ್ಚಿಯಲ್ಲಿ ಕೂತಳು. ಈ ಸಲ ಕೂರುವಾಗ ಏನೂ ಅನ್ನಿಸಲಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು, ಅದು ದೂರವಾಗುವವರೆಗೆ ಕಾದಳು. ಮಾವ ಮರದ ತುಂಡು ಹಿಡಿದು ಅಲ್ಲಾಡದೆ ನಿಂತಿದ್ದರು. ಅವಳು ಕಣ್ಣು ಮುಚ್ಚಿಕೊಂಡಳು.

"ಅಕ್ಕಾ, ನಡೀರಿ," ಎಂದಳು. "ಕೇಲಿಸ್ತಿದೆ."